ತಿರುಗಿಸಿದರೆ ಖಣದ ಬಣ್ಣ ಯಾಕೆ ಬದಲಾಗುತ್ತದೆ? ದಿಕ್ಕು ನೋಡಿ ಚದುರುವ ಬೆಳಕಿನ ಬಗ್ಗೆ ಚರ್ಚೆ

ಮಗ್ಗದಮನೆ (ಗುಳೇದಗುಡ್ಡ)

ಎಲ್ಲರಿಗೂ ನಮಸ್ಕಾರ. ನಮ್ಮ ಮನೆಯಲ್ಲಿ ಖಣ, ಅಂದರೆ ಕುಪ್ಪಸದ ಬಟ್ಟೆ, ನೇಯುತ್ತಾರೆ. ಫೋಟೊ ತೆಗೆಯುವುದು, ಗಿರಾಕಿಗಳ ಜೊತೆ ಮಾತಾಡುವುದು ನನ್ನ ಕೆಲಸ. ಕೆಂಪು ಹಾಸು (ಉದ್ದದ ಎಳೆ), ಹಸಿರು ಹೊಕ್ಕು (ಅಡ್ಡದ ಎಳೆ) ಇರುವ ರೇಷ್ಮೆ ಖಣವನ್ನು ಮೇಜಿನ ಮೇಲೆ ಇಟ್ಟು ನೋಡಿದರೆ ಕೆಂಪು ಕಾಣುತ್ತದೆ. ಅದನ್ನೇ ಕಾಲು ಸುತ್ತು ತಿರುಗಿಸಿದರೆ ಹಸಿರು ಮುಂದೆ ಬರುತ್ತದೆ. ಬಟ್ಟೆ ಅದೇ, ಲೈಟ್ ಅದೇ, ಮೊಬೈಲೂ ಅದೇ. "ಫೋಟೊದಲ್ಲಿ ಬೇರೆ ಬಣ್ಣ ಇತ್ತು" ಅಂತ ಬಟ್ಟೆ ವಾಪಸ್ ಬರುತ್ತದೆ. ಬಣ್ಣ ಹಾಕಿದವರ ತಪ್ಪಲ್ಲ, ನೂಲು ನೋಡಿದರೆ ಬಣ್ಣ ಸರಿಯಾಗೇ ಇದೆ. ಹತ್ತಿ ಬಟ್ಟೆಗೆ ಈ ಕಾಟ ಇಷ್ಟು ಇಲ್ಲ. ಇದಕ್ಕೆ ಕಾರಣ ಏನು? ಫೋಟೊ ಹೇಗೆ ತೆಗೆದರೆ ನ್ಯಾಯ?

ಉದ್ಯಮಬಾಗ್ ಲೇತ್ (ಬೆಳಗಾವಿ)

ಅಕ್ಕಾ, ಬಟ್ಟೆ ನನಗೆ ಗೊತ್ತಿಲ್ಲ. ಆದರೆ ಲೇತ್‌ನಲ್ಲಿ ಫೇಸಿಂಗ್ ಮಾಡಿದ, ಅಂದರೆ ತಿರುಗಿಸುತ್ತಾ ಮುಖ ಕೆತ್ತಿ ಸಮ ಮಾಡಿದ, ಲೋಹದ ತಟ್ಟೆಯಲ್ಲಿ ಇದೇ ಆಟ ದಿನಾ ನೋಡುತ್ತೇವೆ. ಒಂದೇ ಬಲ್ಬಿನ ಕೆಳಗೆ ಹಿಡಿದರೆ ನಡುವಿನಿಂದ ಎರಡು ಕಡೆಗೆ ಬೀಸಣಿಗೆ ಆಕಾರದ ಹೊಳಪು ಕಾಣುತ್ತದೆ. ಲೇತಿನ ಹಿಡಿಕೆಯಲ್ಲಿ (ಚಕ್) ತಟ್ಟೆ ಗಿರ್ ಅಂತ ತಿರುಗುತ್ತಿದ್ದರೂ ಆ ಹೊಳಪು ನಿಂತಲ್ಲೇ ನಿಲ್ಲುತ್ತದೆ. ಟೂಲ್ ಬಿಟ್ಟ ಗೆರೆಗಳು ದುಂಡಗೆ ಇರುತ್ತವಲ್ಲ, ಪ್ರತಿ ಗೆರೆಯೂ ಬೆಳಕನ್ನು ತನಗೆ ಅಡ್ಡವಾಗಿ ಮಾತ್ರ ಬೀಸುತ್ತದೆ. ಬಲ್ಬಿಗೂ ನಮ್ಮ ಕಣ್ಣಿಗೂ ಸರಿಯಾಗಿ ಕೂಡುವ ಗೆರೆಗಳು ಆ ಎರಡು ಜಾಗದಲ್ಲೇ ಸಿಗುತ್ತವೆ. ಸ್ಯಾಂಡ್ ಬ್ಲಾಸ್ಟ್ ಮಾಡಿದ (ಜೋರಾಗಿ ಮರಳು ಊದಿ ಒರಟು ಮಾಡಿದ) ತಟ್ಟೆಗೆ ದಿಕ್ಕು ಇಲ್ಲ, ಅದು ಎಲ್ಲಾ ಕಡೆಯಿಂದ ಒಂದೇ ತರ ಕಾಣುತ್ತದೆ. ನಿಮ್ಮ ರೇಷ್ಮೆ ಎಳೆಗಳೂ ಗೆರೆಗಳೇ ಅಲ್ವಾ?

ಭೂತರಾಮನಹಟ್ಟಿ ಎಂಎಸ್ಸಿ (ಬೆಳಗಾವಿ)

ಅಣ್ಣಾ ಹೇಳಿದ್ದು ಪೂರ್ತಿ ಸರಿ. ಅದನ್ನೇ ಎಳೆಗೆ ಹಚ್ಚಿ ಹೇಳುತ್ತೇನೆ.

ಒಂದು ತೆಳುವಾದ ಎಳೆಗೆ ಬೆಳಕು ನೇರ ಅಡ್ಡಲಾಗಿ ಬಿದ್ದರೆ, ಚದುರಿದ ಬೆಳಕು ಎಲ್ಲಾ ಕಡೆ ಹೋಗುವುದಿಲ್ಲ. ಎಳೆಗೆ ಅಡ್ಡವಾದ ಒಂದು ಸಮತಲದಲ್ಲಿ ಮಾತ್ರ ಹರಡುತ್ತದೆ. ಓರೆಯಾಗಿ ಬಿದ್ದರೆ ಅದು ಶಂಕುವಿನ ಆಕಾರದಲ್ಲಿ ಹೊರಬರುತ್ತದೆ. ಎಳೆಯೇ ಆ ಶಂಕುವಿನ ನಡುಗಂಬ. ತಲೆಕೂದಲನ್ನು ಬಿಗಿಯಾಗಿ ಹಿಡಿದು ಸಣ್ಣ ಲೇಸರ್ ಬಿಟ್ಟರೆ ಗೋಡೆಯ ಮೇಲೆ ಕೂದಲಿಗೆ ಅಡ್ಡವಾಗಿ ಒಂದು ಉದ್ದ ಗೆರೆ ಮೂಡುತ್ತದೆ. ಅದೇ ಇದು.

ಖಣದಲ್ಲಿ ಹಾಸಿನ ಎಳೆ ಒಂದು ದಿಕ್ಕು, ಹೊಕ್ಕಿನ ಎಳೆ ಅದಕ್ಕೆ ಅಡ್ಡ. ಕೆಂಪು ಎಳೆಯಿಂದ ಬರುವ ಬೆಳಕು ಹೆಚ್ಚಾಗಿ ಒಂದು ಕಡೆ ಹೋದರೆ ಹಸಿರು ಎಳೆಯದು ಇನ್ನೊಂದು ಕಡೆ ಹೋಗುತ್ತದೆ. ನಿಮ್ಮ ಮೊಬೈಲ್ ಯಾವ ಎಳೆಯ ಬೆಳಕಿನ ದಾರಿಯಲ್ಲಿ ನಿಂತಿದೆಯೋ ಆ ಬಣ್ಣ ಗೆಲ್ಲುತ್ತದೆ.

ಹತ್ತಿಗೆ ಯಾಕೆ ಇಲ್ಲ ಅಂದರೆ, ಹತ್ತಿಯ ನಾರು ಗಿಡ್ಡ. ಚಪ್ಪಟೆ ರಿಬ್ಬನ್ನಿನ ತರ ತಿರುಚಿಕೊಂಡಿರುತ್ತದೆ. ನೂಲುವಾಗ ಮತ್ತೆ ಹುರಿ ಕೊಡುತ್ತಾರೆ. ದಿಕ್ಕುಗಳೆಲ್ಲ ಕಲಸಿಹೋಗುತ್ತವೆ. ರೇಷ್ಮೆ ಹಾಗಲ್ಲ. ಒಂದು ಗೂಡಿನ ಎಳೆ ನೂರಾರು ಮೀಟರ್ ಕಡಿಯದೆ ಬರುತ್ತದೆ. ಅಂಟು ತೆಗೆದ ಮೇಲೆ ನುಣುಪಾಗಿ, ಅಡ್ಡ ಸೀಳಿದರೆ ಮೂಲೆ ಸವೆದ ತ್ರಿಕೋನದ ಹಾಗೆ ಇರುತ್ತದೆ. ಅದಕ್ಕೇ ಹೊಳಪೂ ಜಾಸ್ತಿ, ದಿಕ್ಕಿನ ಹಟವೂ ಜಾಸ್ತಿ.

ಟೋಪ್‌ತೆನಿ (ಇಳಕಲ್)

ತಂಗೀ, ಒಂದು ಮಾತು. ಈ ಬಣ್ಣ ಬದಲಾಗುವುದನ್ನು ದೋಷ ಅಂತ ಗಿರಾಕಿಗೆ ಹೇಳಬೇಡ. ಇಳಕಲ್ ಸೀರೆಯ ಸೆರಗಿಗೆ ಕೆಂಪು ರೇಷ್ಮೆ ಹಾಕುವುದು ಸುಮ್ನೆ ಅಲ್ಲ. ಒಡಲಿನ ಹತ್ತಿ ಹಾಸಿಗೆ ಸೆರಗಿನ ರೇಷ್ಮೆ ಹಾಸನ್ನು ಕೊಂಡಿ ಹಾಕಿ ಜೋಡಿಸುತ್ತೇವೆ. ಅಷ್ಟು ಕಷ್ಟಪಡುವುದು ಹೆಂಗಸರು ನಡೆದಾಡುವಾಗ ಸೆರಗು ಮಿಂಚಲಿ ಅಂತ. ತಿರುಗಿಸಿದರೂ ಬದಲಾಗದ ರೇಷ್ಮೆ ಇದ್ದರೆ ನನಗೇ ಅನುಮಾನ ಬರುತ್ತದೆ.

ಮಗ್ಗದಮನೆ (ಗುಳೇದಗುಡ್ಡ)

ಕಾಕಾ, ನಿಮ್ಮ ಮಾತು ನಿಜ. ಆದರೆ ದೂರದ ಊರಿನ ಗಿರಾಕಿ ಕೈಯಲ್ಲಿ ಹಿಡಿದು ತಿರುಗಿಸಿ ನೋಡುವುದಕ್ಕೆ ಆಗುವುದಿಲ್ಲವಲ್ಲ. ಅವರಿಗೆ ನೂಲಿಗೆ ಹಾಕಿದ ಬಣ್ಣ ಯಾವುದು ಅಂತ ಖಾತ್ರಿ ತೋರಿಸಬೇಕು. ಹೊಳಪನ್ನು ಬದಿಗಿಟ್ಟು ಬಣ್ಣ ಮಾತ್ರ ಹಿಡಿಯುವ ದಾರಿ ಇದೆಯಾ?

ಭೂತರಾಮನಹಟ್ಟಿ ಎಂಎಸ್ಸಿ (ಬೆಳಗಾವಿ)

ಇದೆ ಅಕ್ಕಾ. ಬಟ್ಟೆಯಿಂದ ಬರುವ ಬೆಳಕು ಎರಡು ಜಾತಿ. ಒಂದು, ಎಳೆಯ ಮೇಲ್ಮೈಗೆ ತಾಗಿ ಅಲ್ಲಿಂದಲೇ ಹಿಂದಿರುಗಿದ್ದು. ಇದು ಹೊಳಪು. ಇದರಲ್ಲಿ ಬಲ್ಬಿನ ಬಣ್ಣವೇ ಹೆಚ್ಚು. ಎರಡನೆಯದು, ಎಳೆಯ ಒಳಗೆ ಹೊಕ್ಕು, ಬಣ್ಣದ ಅಣುಗಳಿಗೆ ಸಿಕ್ಕು, ಅಲ್ಲಿ ಇಲ್ಲಿ ಬಡಿದಾಡಿ ಹೊರಬಂದದ್ದು. ನಿಮಗೆ ಬೇಕಾದ ಬಣ್ಣ ಇದರಲ್ಲಿದೆ.

ಬಲ್ಬಿನ ಮುಂದೆ ಒಂದು ಪೋಲರೈಸರ್ ಹಾಳೆ ಇಟ್ಟರೆ ಬೆಳಕಿನ ಅಲೆ ಒಂದೇ ದಿಕ್ಕಿನಲ್ಲಿ ಅಲ್ಲಾಡುತ್ತದೆ. ಮೇಲ್ಮೈಯಿಂದ ಮರಳಿದ ಬೆಳಕು ಆ ದಿಕ್ಕನ್ನು ಬಹುಪಾಲು ಉಳಿಸಿಕೊಳ್ಳುತ್ತದೆ. ಒಳಗೆ ಹೋಗಿ ಹಲವು ಸಲ ಚದುರಿದ್ದು ಅದನ್ನು ಕಳೆದುಕೊಳ್ಳುತ್ತದೆ. ಮೊಬೈಲ್ ಲೆನ್ಸಿನ ಮುಂದೆ ಇನ್ನೊಂದು ಪೋಲರೈಸರ್ ಅನ್ನು ಮೊದಲನೆಯದಕ್ಕೆ ಅಡ್ಡವಾಗಿ ಹಿಡಿಯಿರಿ. ಹೊಳಪು ಅಲ್ಲೇ ನಿಲ್ಲುತ್ತದೆ. ಒಳಗಿನ ಬಣ್ಣದ ಒಂದು ಭಾಗ ದಾಟಿ ಬರುತ್ತದೆ. ಫೋಟೊ ಮಬ್ಬಾಗುತ್ತದೆ, ಹಾಗಾಗಿ ಬೆಳಕು ಜಾಸ್ತಿ ಬೇಕು.

ಈ ಉಪಾಯ ಹಳೆಯದು. 1921ರಲ್ಲಿ ಸಿ.ವಿ. ರಾಮನ್ 'ನಾರ್ಕುಂಡಾ' ಹಡಗಿನಲ್ಲಿ ಇಂಗ್ಲೆಂಡಿನಿಂದ ಮರಳುತ್ತಿದ್ದರು. ಸಮುದ್ರದ ನೀಲಿ ಬರೀ ಆಕಾಶದ ಪ್ರತಿಬಿಂಬ ಅಂತ ಆಗ ದೊಡ್ಡವರೇ ನಂಬಿದ್ದರು. ರಾಮನ್ ಜೇಬಿನ ನಿಕಾಲ್ ಪ್ರಿಸಂ (ಅದೂ ಒಂದು ಪೋಲರೈಸರ್) ತೆಗೆದು, ಸರಿಯಾದ ಕೋನದಲ್ಲಿ ನೀರಿನ ಮೇಲ್ಮೈಯ ಹೊಳಪನ್ನು ಕತ್ತರಿಸಿ ನೋಡಿದರು. ನೀಲಿ ಹೋಗಲಿಲ್ಲ, ಇನ್ನೂ ಚೆನ್ನಾಗಿ ಕಂಡಿತು. ಅಂದರೆ ಆ ಬಣ್ಣ ನೀರಿನ ಒಳಗಿನಿಂದ, ಅಣುಗಳು ಚದುರಿಸಿದ ಬೆಳಕಿನಿಂದ ಬರುತ್ತಿತ್ತು. ಆ ಪ್ರಿಸಂ ಮಾಡುವುದು ಕ್ಯಾಲ್ಸೈಟ್ ಹರಳಿನಿಂದ. ಅದರ ಒಳಗೇ ದಿಕ್ಕು ಇದೆ, ಅಕ್ಷರದ ಮೇಲೆ ಇಟ್ಟರೆ ಎರಡು ಅಕ್ಷರ ಕಾಣುತ್ತದೆ. ಇದನ್ನು 1669ರಲ್ಲೇ ಡೆನ್ಮಾರ್ಕಿನ ವಿಜ್ಞಾನಿ ಬಾರ್ತೊಲಿನ್ ದಾಖಲಿಸಿದ್ದ.

ರಾಮನ್ ನೀರಿಗೆ ಕೇಳಿದ ಪ್ರಶ್ನೆಯನ್ನೇ ನೀವು ಖಣಕ್ಕೆ ಕೇಳುತ್ತಿದ್ದೀರಿ. ನನಗೆ ಇದು ತುಂಬಾ ಖುಷಿ ಕೊಟ್ಟಿತು.

ವಿಜಯಪುರ ಫಿಜಿಕ್ಸ್

ಚರ್ಚೆ ಚೆನ್ನಾಗಿ ಸಾಗಿದೆ. ಹೈಸ್ಕೂಲ್ ಮಕ್ಕಳಿಗೆ ಪಾಠ ಮಾಡುವವನಾಗಿ ಒಂದು ಗೊಂದಲ ಮೊದಲೇ ಬಿಡಿಸುತ್ತೇನೆ. "ದಿಕ್ಕಿನ ಪ್ರಕಾರ ಅಸಮವಾಗಿ ಚದುರುವುದು" ಅನ್ನುವ ಮಾತಿನೊಳಗೆ ಎರಡು ಬೇರೆ ಬೇರೆ ಸಂಗತಿಗಳಿವೆ.

ಮೊದಲನೆಯದು, ಕಣ ದುಂಡಗಿದ್ದರೂ ಆಗುವಂಥದ್ದು. ಕಣ ಬೆಳಕಿನ ಅಲೆಗಿಂತ ತುಂಬಾ ಸಣ್ಣದಾದರೆ ಮುಂದಕ್ಕೂ ಹಿಂದಕ್ಕೂ ಸಮನಾಗಿ ಚದುರಿಸುತ್ತದೆ. ಅಲೆಯಷ್ಟೇ ದೊಡ್ಡದು ಅಥವಾ ಇನ್ನೂ ದೊಡ್ಡದಾದರೆ ಬಹುಪಾಲು ಮುಂದಕ್ಕೇ ತಳ್ಳುತ್ತದೆ. ಚಳಿಗಾಲದ ಬೆಳಿಗ್ಗೆ ಮಂಜಿನಲ್ಲಿ ಎದುರು ಬರುವ ಲಾರಿಯ ಲೈಟು ಅಷ್ಟು ಕಣ್ಣು ಕುಕ್ಕುವುದು ಇದರಿಂದ. ದುಂಡು ಕಣಗಳ ಈ ಲೆಕ್ಕವನ್ನು ಗುಸ್ತಾವ್ ಮೀ 1908ರಲ್ಲಿ ಬರೆದ. ಇದನ್ನು ಅಳೆಯಲು g ಅನ್ನುವ ಅಂಕಿ ಬಳಸುತ್ತಾರೆ. ಎಲ್ಲಾ ಕಡೆ ಸಮ ಅಂದರೆ 0, ಪೂರ್ತಿ ಮುಂದಕ್ಕೆ ಅಂದರೆ 1. ನಮ್ಮ ಮೈಯ ಮಾಂಸಕ್ಕೆ ಇದು ಸುಮಾರು 0.9.

ಎರಡನೆಯದು ಖಣದ ಕಥೆ. ಇಲ್ಲಿ ವಸ್ತುವಿನೊಳಗೇ ದಿಕ್ಕು ಇದೆ. ವಸ್ತುವನ್ನು ತಿರುಗಿಸಿದರೆ ಉತ್ತರ ಬದಲಾಗುತ್ತದೆ. ಮಂಜಿನ ಹನಿಯನ್ನು ಎಷ್ಟು ತಿರುಗಿಸಿದರೂ ಏನೂ ಬದಲಾಗುವುದಿಲ್ಲ. ಇವೆರಡನ್ನೂ ಒಂದೇ ಅಂತ ಬರೆದ ನೋಟ್ಸ್ ಬಹಳ ಕಡೆ ನೋಡಿದ್ದೇನೆ, ಮಕ್ಕಳಿಗೆ ಅನ್ಯಾಯ ಆಗುತ್ತದೆ.

ದ್ವಿತೀಯ ಪಿಯುಸಿ (ಮುಧೋಳ)

ಸರ್, ಗಾಳಿಯ ಅಣುಗಳು ಯಾವಾಗಲೂ ತಿರುಗುತ್ತಾ ಇರುತ್ತವೆ. ಅವುಗಳಿಗೆ ದಿಕ್ಕು ಇದ್ದರೂ ಸರಾಸರಿಯಲ್ಲಿ ಅಳಿಸಿಹೋಗಬೇಕಲ್ವಾ? ಮತ್ತೆ ಗೊತ್ತಾಗುವುದು ಹೇಗೆ?

ವಿಜಯಪುರ ಫಿಜಿಕ್ಸ್

ತುಂಬಾ ಒಳ್ಳೆ ಪ್ರಶ್ನೆ ತಮ್ಮಾ. ಈ ಇಡೀ ವಿಷಯದ ಜೀವ ಇಲ್ಲೇ ಇದೆ, ನಿಧಾನವಾಗಿ ಓದು.

ಪಂಚಮಿಗೆ ಕಟ್ಟುವ ಜೋಕಾಲಿ ನೆನಪಿಸಿಕೋ. ಎರಡು ಹಗ್ಗದ ಜೋಕಾಲಿ ಹಿಂದೆ ಮುಂದೆ ಸಲೀಸಾಗಿ ಹೋಗುತ್ತದೆ, ಅಡ್ಡಕ್ಕೆ ಹೋಗುವುದಿಲ್ಲ. ಅದನ್ನು ಓರೆಯಾಗಿ ದಬ್ಬಿದರೂ ತನ್ನ ದಿಕ್ಕಿನಲ್ಲೇ ಆಡುತ್ತದೆ. ಅಣುವಿನ ಎಲೆಕ್ಟ್ರಾನುಗಳೂ ಹಾಗೆ. ಸಾರಜನಕದ ಅಣು ಎರಡು ಪರಮಾಣುಗಳ ಸಣ್ಣ ಕಡ್ಡಿ. ಕಡ್ಡಿಯ ಉದ್ದಕ್ಕೆ ಎಲೆಕ್ಟ್ರಾನುಗಳು ಸುಲಭವಾಗಿ ಸರಿಯುತ್ತವೆ, ಅಡ್ಡಕ್ಕೆ ಸ್ವಲ್ಪ ಕಷ್ಟ. ಬೆಳಕಿನ ಅಲೆ ಓರೆಯಾಗಿ ದಬ್ಬಿದಾಗ ಅವು ಅಲೆಯ ದಿಕ್ಕಿನಲ್ಲಿ ಪೂರ್ತಿ ಅಲ್ಲಾಡದೆ, ಕಡ್ಡಿಯ ಕಡೆಗೆ ಸ್ವಲ್ಪ ವಾಲಿ ಅಲ್ಲಾಡುತ್ತವೆ.

ಈಗ ಬೆಳಕು ಬಂದ ದಾರಿಗೆ ಸರಿಯಾಗಿ 90 ಡಿಗ್ರಿಯಲ್ಲಿ ನಿಂತು ನೋಡು. ಅಣು ಎಲ್ಲಾ ದಿಕ್ಕಿಗೂ ಒಂದೇ ಆಗಿದ್ದರೆ, ಅಲ್ಲಿ ಸಿಗುವ ಬೆಳಕು ಪೂರ್ತಿ ಒಂದೇ ದಿಕ್ಕಿನಲ್ಲಿ ಅಲ್ಲಾಡಬೇಕು. ಪೋಲರೈಸರ್ ತಿರುಗಿಸಿದರೆ ಒಂದು ಹಂತದಲ್ಲಿ ಕಗ್ಗತ್ತಲೆ. ಅಣು ವಾಲಿ ಅಲ್ಲಾಡಿದರೆ? ಇರಬಾರದ ದಿಕ್ಕಿನಲ್ಲೂ ಸ್ವಲ್ಪ ಬೆಳಕು ಸೋರುತ್ತದೆ. ಒಂದು ಅಣು ಎಡಕ್ಕೆ ವಾಲಿದರೆ ಇನ್ನೊಂದು ಬಲಕ್ಕೆ ವಾಲುತ್ತದೆ, ನಿಜ. ಆದರೆ ಬೇರೆ ಬೇರೆ ಅಣುಗಳಿಂದ ಹೀಗೆ ಸೋರಿದ ಬೆಳಕಿನ ತೀವ್ರತೆ ಕೂಡುತ್ತದೆ. ತೀವ್ರತೆ ಅಂದರೆ ವರ್ಗದ ಲೆಕ್ಕ, ಅದರಲ್ಲಿ ಮೈನಸ್ ಇಲ್ಲ. ಹಾಗಾಗಿ ಸರಾಸರಿ ಮಾಡಿದರೂ ಅಳಿಸಿಹೋಗುವುದಿಲ್ಲ.

ಈ ಸೋರಿಕೆಗೆ ಡಿಪೋಲರೈಸೇಶನ್ ಅನ್ನುತ್ತಾರೆ. ಗಾಳಿಯಲ್ಲಿ ಇದು ಶೇಕಡಾ 3ರ ಆಸುಪಾಸು. ಇಂಗಾಲದ ಡೈಆಕ್ಸೈಡ್‌ಗೆ ಇನ್ನೂ ಜಾಸ್ತಿ. ಒಂಟಿ ಪರಮಾಣುವಿನ ಆರ್ಗಾನ್‌ಗೆ ಹೆಚ್ಚುಕಡಿಮೆ ಸೊನ್ನೆ. ಮೀಥೇನ್‌ನಲ್ಲಿ ಐದು ಪರಮಾಣುಗಳಿವೆ, ಆದರೂ ಸೊನ್ನೆಯ ಹತ್ತಿರ. ಯಾಕೆಂದರೆ ಅದರ ನಾಲ್ಕು ಕೈಗಳು ಎಲ್ಲಾ ಕಡೆಗೂ ಸಮನಾಗಿ ಚಾಚಿವೆ. ಅಣುವನ್ನು ಯಾರೂ ಕಣ್ಣಲ್ಲಿ ನೋಡದ ಕಾಲದಲ್ಲಿ ಅದರ ಆಕಾರದ ಸುಳಿವು ಹೀಗೆ ಸಿಕ್ಕಿತು. ರಾಮನ್ ಮತ್ತು ಕೆ.ಎಸ್. ಕೃಷ್ಣನ್ ಕಲ್ಕತ್ತಾದಲ್ಲಿ ದ್ರವಗಳ ಮೇಲೆ ವರ್ಷಗಟ್ಟಲೆ ಅಳೆಯುತ್ತಿದ್ದದ್ದು ಇಂಥದ್ದನ್ನೇ. ಆ ದಾರಿಯಲ್ಲೇ 1928ರ ಫೆಬ್ರವರಿ 28, ಅಂದರೆ ರಾಮನ್ ಪರಿಣಾಮ ಸಿಕ್ಕ ದಿನ, ಬಂತು.

ಭೂತರಾಮನಹಟ್ಟಿ ಎಂಎಸ್ಸಿ (ಬೆಳಗಾವಿ)

ಸರ್ ಹೇಳಿದ್ದಕ್ಕೆ ಒಂದು ಸೇರ್ಪಡೆ. ರಾಮನ್ ರೋಹಿತದಲ್ಲಿ, ಅಂದರೆ ಅಣುವಿನ ಕಂಪನದಿಂದ ಬಣ್ಣ ಬದಲಾಗಿ ಚದುರಿದ ಬೆಳಕಿನ ಗೆರೆಗಳಲ್ಲಿ, ಇದು ಇನ್ನೂ ಸೊಗಸು. ಕಾರ್ಬನ್ ಟೆಟ್ರಾಕ್ಲೋರೈಡ್ ಕೂಡ ಮೀಥೇನ್ ಆಕಾರದ್ದೇ. ಅದರ 459 ಸೆಂ.ಮೀ⁻¹ (ಗೆರೆಯ ಜಾಗ ಹೇಳುವ ಅಳತೆ) ಗೆರೆಯಲ್ಲಿ ನಾಲ್ಕೂ ಕ್ಲೋರಿನ್‌ಗಳು ಒಟ್ಟಿಗೆ ಹೊರಗೆ ಒಳಗೆ ಉಸಿರಾಡುತ್ತವೆ. ಆಕಾರ ಕೆಡುವುದಿಲ್ಲ, ಹಾಗಾಗಿ ಸೋರಿಕೆ ಸೊನ್ನೆಯ ಹತ್ತಿರ. 218 ಮತ್ತು 314ರ ಗೆರೆಗಳಲ್ಲಿ ಅಣು ಸೊಟ್ಟಗಾಗುತ್ತದೆ. ಅಲ್ಲಿ ಲೇಸರ್ ಬೆಳಕಿಗೆ ಸೋರಿಕೆಯ ಅನುಪಾತ 0.75. ಅದಕ್ಕಿಂತ ಮೇಲೆ ಸಾಮಾನ್ಯ ರಾಮನ್ ಗೆರೆ ಹೋಗುವುದಿಲ್ಲ. ಒಂದೇ ಬಾಟಲಿ, ಒಂದೇ ಲೇಸರ್. ಪೋಲರೈಸರ್ ತಿರುಗಿಸುವಾಗ ಒಂದು ಗೆರೆ ಮಾಯವಾಗುತ್ತದೆ, ಪಕ್ಕದವು ನಿಲ್ಲುತ್ತವೆ. ಯಾವ ಕಂಪನ ಯಾವುದು ಅಂತ ಅಲ್ಲೇ ತೀರ್ಮಾನ ಆಗುತ್ತದೆ. ಆದರೆ ಆ ದ್ರವ ವಿಷ. ಪಿಯುಸಿ ಹುಡುಗರು ದಯವಿಟ್ಟು ಮುಟ್ಟಬೇಡಿ.

ನವನಗರ ನೇತ್ರ (ಬಾಗಲಕೋಟೆ)

ಕಣ್ಣಿನ ಡಾಕ್ಟರ್ ಆಗಿ ಮೊದಲು ಒಂದು ಎಚ್ಚರಿಕೆ. ಕೂದಲಿಗೆ ಲೇಸರ್ ಬಿಡುವ ಪ್ರಯೋಗ ಮಾಡುವಾಗ ಕಿರಣ ಯಾರ ಕಣ್ಣಿನ ಎತ್ತರದಲ್ಲೂ ಇರಬಾರದು. ಮಕ್ಕಳು ಒಬ್ಬರೇ ಮಾಡಬಾರದು.

ಇನ್ನು ವಿಷಯಕ್ಕೆ ಬರುತ್ತೇನೆ. ಕನ್ನಡಿ ಮುಂದೆ ನಿಂತು ನಿಮ್ಮ ಕಣ್ಣನ್ನೇ ನೋಡಿ. ಬಿಳಿ ಭಾಗವೂ, ಕಪ್ಪು ಗುಡ್ಡೆಯ ಮುಂದಿನ ಪಾರದರ್ಶಕ ಕಾರ್ನಿಯಾವೂ ಮುಖ್ಯವಾಗಿ ಒಂದೇ ಪದಾರ್ಥದವು. ಎರಡೂ ಕೊಲಾಜೆನ್ ಎಂಬ ಪ್ರೋಟೀನಿನ ಎಳೆಗಳೇ. ಕಾರ್ನಿಯಾದಲ್ಲಿ ಎಳೆಗಳು ಒಂದೇ ದಪ್ಪ, ಅಂತರವೂ ಹೆಚ್ಚುಕಡಿಮೆ ಒಂದೇ. ಒಂದೊಂದು ಪದರದಲ್ಲಿ ಸಾಲಾಗಿ ಮಲಗಿವೆ. ಹಾಗೆ ಸಾಲಾಗಿರುವುದರಿಂದ ಪಕ್ಕಕ್ಕೆ ಚದುರಿದ ಅಲೆಗಳು ಒಂದನ್ನೊಂದು ಅಳಿಸಿಹಾಕುತ್ತವೆ, ಮುಂದಕ್ಕೆ ಹೋಗುವುದು ಉಳಿಯುತ್ತದೆ. ಬಿಳಿ ಭಾಗದಲ್ಲಿ ಎಳೆಗಳ ದಪ್ಪ ಬೇರೆ ಬೇರೆ, ದಿಕ್ಕು ಬೇರೆ ಬೇರೆ. ಅಲ್ಲಿ ಬೆಳಕು ಎಲ್ಲಾ ಕಡೆ ಚದುರಿ ಬಿಳಿಯಾಗುತ್ತದೆ. ಕಾರ್ನಿಯಾಗೆ ನೀರು ತುಂಬಿ ಊದಿಕೊಂಡರೆ ಆ ಸಾಲು ಕೆಡುತ್ತದೆ. ರೋಗಿಗೆ ಮಂಜು ಮಂಜಾಗಿ ಕಾಣುತ್ತದೆ. ಹೊಸದಾಗಿ ಯಾವ ಕಸವೂ ಸೇರಿರುವುದಿಲ್ಲ, ಜೋಡಣೆ ಮಾತ್ರ ತಪ್ಪಿರುತ್ತದೆ.

ಕಣ್ಣಿನ ಹಿಂದಿನ ನರದ ಎಳೆಗಳಿಗೂ ದಿಕ್ಕು ಇದೆ. ಪೋಲರೈಸ್ ಮಾಡಿದ ಲೇಸರ್ ಒಳಗೆ ಬಿಟ್ಟು, ಮರಳಿದ ಬೆಳಕು ಎಷ್ಟು ಬದಲಾಗಿದೆ ಅಂತ ನೋಡಿ ಆ ಪದರದ ದಪ್ಪ ಅಂದಾಜು ಮಾಡುವ ಯಂತ್ರಗಳು ಬಂದವು. ಗ್ಲಾಕೋಮಾ ಅನ್ನುವ ಕಣ್ಣಿನ ನರದ ಕಾಯಿಲೆಯಲ್ಲಿ ಈ ಪದರ ತೆಳುವಾಗುತ್ತಾ ಹೋಗುತ್ತದೆ. ಬಹಳಷ್ಟು ರೋಗಿಗಳಿಗೆ ನೋವಿಲ್ಲ, ಮೊದಮೊದಲು ಗೊತ್ತೇ ಆಗುವುದಿಲ್ಲ. ನಲವತ್ತು ದಾಟಿದವರು ಸುಮ್ನೆ ಕೂರದೆ ಕಣ್ಣು ತೋರಿಸಿಕೊಳ್ಳಿ.

ಮಗ್ಗದಮನೆ (ಗುಳೇದಗುಡ್ಡ)

ಎಲ್ಲರಿಗೂ ಧನ್ಯವಾದ. ಎರಡು ಪೋಲರೈಸರ್ ಹಾಳೆ ತರಿಸಿ ಮಾಡಿ ನೋಡಿದೆ. ಹೊಳಪು ಹೋಯಿತು. ಕೆಂಪು ಹಸಿರು ಎರಡೂ ಸೇರಿದ ಒಂದು ಗಾಢ ಬಣ್ಣ ಬಂತು. ತಿರುಗಿಸಿದರೆ ಮೊದಲಿನಷ್ಟು ಬದಲಾಗುತ್ತಿಲ್ಲ. ಆದರೆ ಜರಿ ದಡಿ ಪೂರ್ತಿ ಕಪ್ಪಾಗಿ, ಸತ್ತಂತೆ ಕಾಣುತ್ತದೆ. ಇದು ಯಾಕೆ?

ಉದ್ಯಮಬಾಗ್ ಲೇತ್ (ಬೆಳಗಾವಿ)

ಲೋಹದ ಒಳಗೆ ಬೆಳಕು ಹೋಗುವುದಿಲ್ಲವಲ್ಲ ಅಕ್ಕಾ. ಜರಿಯಿಂದ ಬರುವುದೆಲ್ಲ ಮೇಲ್ಮೈಯ ಹೊಳಪೇ. ಅದನ್ನೇ ತಡೆದರೆ ಉಳಿಯುವುದು ಕತ್ತಲೆ.

ಟೋಪ್‌ತೆನಿ (ಇಳಕಲ್)

ನಾನು ಹೇಳಿದ್ದು ಇದೇ. ಆ ಒಂದೇ ಫೋಟೊ ಹಾಕಿದರೆ ನೇಕಾರನಿಗೆ ಮೋಸ. ಎರಡೂ ಹಾಕು. ಒಂದು ಬಣ್ಣಕ್ಕೆ, ಒಂದು ಮಿಂಚಿಗೆ. ಜೊತೆಗೆ ಕೈಯಲ್ಲಿ ಹಿಡಿದು ನಿಧಾನವಾಗಿ ತಿರುಗಿಸುವ ಸಣ್ಣ ವಿಡಿಯೊ. ಗಿರಾಕಿಗೆ ಮೊದಲೇ ಗೊತ್ತಾದರೆ ವಾಪಸ್ ಕಳಿಸುವುದಿಲ್ಲ.

ಇನ್ನೊಂದು ಕೇಳಬೇಕಿತ್ತು. ಚಮಕಾ ನೂಲು, ಪಾಲಿಯೆಸ್ಟರ್ ಹಾಕಿ ರೇಷ್ಮೆ ಅಂತ ಮಾರುವವರಿದ್ದಾರೆ. ನಾವು ಎಳೆ ಸುಟ್ಟು ನೋಡುತ್ತೇವೆ. ರೇಷ್ಮೆಯಾದರೆ ಕೂದಲು ಸುಟ್ಟ ವಾಸನೆ ಬಂದು ಬೂದಿ ಪುಡಿಯಾಗುತ್ತದೆ, ಪಾಲಿಯೆಸ್ಟರ್ ಕರಗಿ ಗಟ್ಟಿ ಮಣಿಯಾಗುತ್ತದೆ. ಸುಡದೆ ಬೆಳಕಿನಲ್ಲೇ ತಿಳಿಯುತ್ತದಾ?

ಭೂತರಾಮನಹಟ್ಟಿ ಎಂಎಸ್ಸಿ (ಬೆಳಗಾವಿ)

ತಿಳಿಯುತ್ತದೆ ಕಾಕಾ, ಮೈಕ್ರೋಸ್ಕೋಪ್ ಇದ್ದರೆ. ಎಳೆಯೊಳಗೆ ಉದ್ದಕ್ಕೆ ಅಲ್ಲಾಡುವ ಬೆಳಕು ಒಂದು ವೇಗದಲ್ಲಿ, ಅಡ್ಡಕ್ಕೆ ಅಲ್ಲಾಡುವುದು ಇನ್ನೊಂದು ವೇಗದಲ್ಲಿ ಹೋಗುತ್ತದೆ. ರೇಷ್ಮೆಯ ವಕ್ರೀಭವನ ಸೂಚ್ಯಂಕ (ಒಳಗೆ ಬೆಳಕಿನ ವೇಗ ಎಷ್ಟು ತಗ್ಗುತ್ತದೆ ಅನ್ನುವ ಅಂಕಿ) ಉದ್ದಕ್ಕೆ ಸುಮಾರು 1.59, ಅಡ್ಡಕ್ಕೆ 1.54. ವ್ಯತ್ಯಾಸ 0.05. ಪಾಲಿಯೆಸ್ಟರ್ ಎಳೆಯನ್ನು ಎಳೆದೆಳೆದು ಮಾಡುತ್ತಾರೆ, ಅಣುಗಳೆಲ್ಲ ಒಂದೇ ಕಡೆ ಮಲಗುತ್ತವೆ. ಅದರ ವ್ಯತ್ಯಾಸ 0.18ರ ಸುತ್ತಮುತ್ತ, ಮೂರು ಪಟ್ಟಿಗೂ ಜಾಸ್ತಿ. ಚಮಕಾ ಅಂದರೆ ವಿಸ್ಕೋಸ್ (ರೇಯಾನ್, ಕೃತಕ ರೇಷ್ಮೆ) ಆದರೆ ರೇಷ್ಮೆಗಿಂತ ಕಡಿಮೆ.

ಅಡ್ಡಲಾಗಿ ಇಟ್ಟ ಎರಡು ಪೋಲರೈಸರ್‌ಗಳ ನಡುವೆ ಒಂಟಿ ಎಳೆಯನ್ನು 45 ಡಿಗ್ರಿಗೆ ಮಲಗಿಸಿ ನೋಡಿದರೆ ಎಳೆ ಜಗ್ಗನೆ ಬೆಳಗುತ್ತದೆ. ಪೋಲರೈಸರ್‌ನ ದಿಕ್ಕಿಗೆ ಸರಿಯಾಗಿ ತಿರುಗಿಸಿದರೆ ಆರಿಹೋಗುತ್ತದೆ. ರೇಷ್ಮೆಯಲ್ಲಿ ಕಡು ಬಣ್ಣಗಳು ಕಾಣುತ್ತವೆ. ಪಾಲಿಯೆಸ್ಟರ್ ಎಳೆಯಲ್ಲಿ ತೆಳು ಗುಲಾಬಿ, ತೆಳು ಹಸಿರು, ನಡುವೆ ಬಿಳಿಚು. ಆದರೂ ಸಂತೆಯಲ್ಲಿ ನಿಂತು ನೋಡುವುದಕ್ಕೆ ನಿಮ್ಮ ಬೆಂಕಿಕಡ್ಡಿಯೇ ಬೇಗ.

ದ್ವಿತೀಯ ಪಿಯುಸಿ (ಮುಧೋಳ)

ಅಕ್ಕಾ, ಎಲ್‌ಸಿಡಿ ಪರದೆಯಲ್ಲೂ ಇದೇನಾ?

ಭೂತರಾಮನಹಟ್ಟಿ ಎಂಎಸ್ಸಿ (ಬೆಳಗಾವಿ)

ಹೌದು. ಅಲ್ಲಿರುವುದು ದ್ರವಹರಳು (ಲಿಕ್ವಿಡ್ ಕ್ರಿಸ್ಟಲ್). ದ್ರವದ ಹಾಗೆ ಹರಿಯುತ್ತದೆ, ಆದರೆ ಕಡ್ಡಿಯಂಥ ಅಣುಗಳು ಒಂದೇ ಕಡೆ ಮುಖ ಮಾಡಿರುತ್ತವೆ. 1888ರಲ್ಲಿ ರೈನಿಟ್ಜರ್ ಎಂಬ ಸಸ್ಯವಿಜ್ಞಾನಿ ಇದನ್ನು ಮೊದಲು ಗಮನಿಸಿದ. ಅವನ ಪದಾರ್ಥ 145.5 ಡಿಗ್ರಿಗೆ ಕರಗಿ ಮೋಡಮೋಡವಾದ ದ್ರವವಾಯಿತು, 178.5ಕ್ಕೆ ತಿಳಿಯಾಯಿತು. ಆ ಮೋಡಕ್ಕೆ ಕಾರಣ ಕೊಳೆ ಅಲ್ಲ. ಅಣುಗಳ ಸಾಲು ಶಾಖಕ್ಕೆ ಸದಾ ಓಲಾಡುತ್ತಿರುತ್ತದೆ. ಓಲಾಡಿದಾಗೆಲ್ಲ ಬೆಳಕಿಗೆ ಸಿಗುವ ಸೂಚ್ಯಂಕ ಬದಲಾಗುತ್ತದೆ. ಹಾಗಾಗಿ ಇದು ಸಾಮಾನ್ಯ ದ್ರವಕ್ಕಿಂತ ಸುಮಾರು ಹತ್ತು ಲಕ್ಷ ಪಟ್ಟು ಹೆಚ್ಚು ಚದುರಿಸುತ್ತದೆ.

ನಮ್ಮ ನಾಡಿನ ಹೆಮ್ಮೆಯನ್ನೂ ಹೇಳಲೇಬೇಕು. 1977ರವರೆಗೆ ದ್ರವಹರಳು ಅಂದರೆ ಕಡ್ಡಿ ಆಕಾರದ ಅಣುಗಳೇ. ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯಲ್ಲಿ ಎಸ್. ಚಂದ್ರಶೇಖರ್, ಬಿ.ಕೆ. ಸದಾಶಿವ, ಕೆ.ಎ. ಸುರೇಶ್ ಅವರು ಬಿಲ್ಲೆ ಆಕಾರದ ಅಣುಗಳೂ ಒಂದರ ಮೇಲೊಂದು ಪೇರಿಸಿಕೊಂಡು ದ್ರವಹರಳು ಆಗುತ್ತವೆ ಅಂತ ತೋರಿಸಿದರು. ಇದು ನಮ್ಮ ಪಿಯುಸಿ ಪಾಠಗಳಲ್ಲಿ ದೊಡ್ಡದಾಗಿ ಇರಬೇಕು ಅಂತ ನನಗೆ ಬಲವಾಗಿ ಅನಿಸುತ್ತದೆ.

ವಿಜಯಪುರ ಫಿಜಿಕ್ಸ್

ಖಂಡಿತ ಇರಬೇಕು. ಫೆಬ್ರವರಿ 28ಕ್ಕೆ ಶಾಲೆಯಲ್ಲಿ ಇದನ್ನೇ ತೋರಿಸುವ ವಿಚಾರ ಮಾಡಿದ್ದೇನೆ. ಗಾಜಿನ ತೊಟ್ಟಿಯಲ್ಲಿ ನೀರು, ಕೆಲವೇ ಹನಿ ಹಾಲು, ಒಂದು ಕಡೆಯಿಂದ ಟಾರ್ಚ್, ಪಕ್ಕದಿಂದ ಪೋಲರೈಸರ್ ಹಿಡಿದು ನೋಡುವುದು. ಅದರ ಜೊತೆಗೆ ಲ್ಯಾಪ್‌ಟಾಪ್ ಪರದೆಯ ಮುಂದೆ ಸೆಲೋಟೇಪ್, ಮಗ್ಗದಮನೆಯವರು ಕೊಟ್ಟರೆ ರೇಷ್ಮೆ ಎಳೆ. ಶಾಲೆಯ ಕ್ಯಾಮೆರಾಕ್ಕೆ ಒಂದು ಪೋಲರೈಸರ್ ಫಿಲ್ಟರ್ ಇದೆ. ಅದನ್ನು ಕೈಯಲ್ಲಿ ಹಿಡಿದು ಲ್ಯಾಪ್‌ಟಾಪ್ ನೋಡಿದರೆ ಎಷ್ಟು ತಿರುಗಿಸಿದರೂ ಪರದೆ ಕಪ್ಪಾಗುತ್ತಿಲ್ಲ. ಫಿಲ್ಟರ್ ಕೆಟ್ಟಿದೆಯಾ?

ಮಗ್ಗದಮನೆ (ಗುಳೇದಗುಡ್ಡ)

ಎಳೆ ಕಳಿಸುತ್ತೇನೆ ಸರ್. ಕೆಂಪು, ಹಸಿರು, ಬಣ್ಣ ಹಾಕದ ಬಿಳಿ, ಮೂರೂ.

ಭೂತರಾಮನಹಟ್ಟಿ ಎಂಎಸ್ಸಿ (ಬೆಳಗಾವಿ)

ಕೆಟ್ಟಿಲ್ಲ ಸರ್, ತಿರುವುಮುರುವಾಗಿ ಹಿಡಿದಿದ್ದೀರಿ ಅನಿಸುತ್ತದೆ. ಕ್ಯಾಮೆರಾದ ಫಿಲ್ಟರ್ ಸಾಮಾನ್ಯವಾಗಿ ಸರ್ಕ್ಯುಲರ್ ಜಾತಿಯದು. ಮುಂದೆ ಪೋಲರೈಸರ್, ಅದರ ಹಿಂದೆ ಲೆನ್ಸಿನ ಕಡೆಗೆ ಇನ್ನೊಂದು ಪದರ ಇರುತ್ತದೆ. ಲೆನ್ಸಿಗೆ ತಿರುಗಿಸಿ ಕೂರಿಸುವ ಕಡೆಯಿಂದ ಬೆಳಕು ಒಳಗೆ ಬಂದರೆ, ಯಾವ ಕೋನದಲ್ಲಿ ಹಿಡಿದರೂ ಅರ್ಧ ಬೆಳಕು ದಾಟುತ್ತದೆ. ಥ್ರೆಡ್ ಇರುವ ಕಡೆ ನಿಮ್ಮ ಕಣ್ಣಿಗೆ, ಇನ್ನೊಂದು ಕಡೆ ಪರದೆಗೆ ಬರುವಂತೆ ಹಿಡಿಯಿರಿ. ಆಗ ಕಾಲು ಸುತ್ತಿಗೊಮ್ಮೆ ಪರದೆ ಬೆಳಗುವುದು, ಆರುವುದು ಚೆನ್ನಾಗಿ ಕಾಣುತ್ತದೆ.

ವಿಜಯಪುರ ಫಿಜಿಕ್ಸ್

ಈಗ ಕಪ್ಪಾಯಿತು. ಧನ್ಯವಾದ ತಂಗೀ.